ನೀಲಗಾರರ ಪದಕ್ಕೆ ಹತ್ತು ನಿಮಿಷ ಸಾಕೇ?

ಪ್ರಶ್ನೆ: ನಮ್ಮ ಭಾಗದಲ್ಲಿ ಸಂತ ಮಂಟೇಸ್ವಾಮಿಯ ಕಥೆಯನ್ನು ಪದವಾಗಿ ಹಾಡುವ ನೀಲಗಾರರ ಮೇಳಗಳು ಒಂದೊಂದಾಗಿ ನಿಂತುಹೋಗುತ್ತಿವೆ. ಅವರ ಮಕ್ಕಳು ತಂಬೂರಿ ಮುಟ್ಟುವುದಿಲ್ಲ. ಆದ್ದರಿಂದ ನಮ್ಮ ಯುವಕ ಸಂಘವು ಸ್ಪರ್ಧೆಯೊಂದನ್ನು ಯೋಚಿಸಿದೆ: ಮೇಳಕ್ಕೆ ಹತ್ತು ನಿಮಿಷ, ಗೆದ್ದವರಿಗೆ ನಗದು ಬಹುಮಾನ. ಆದರೆ ಹಿರಿಯ ನೀಲಗಾರರೊಬ್ಬರು, ದೀಕ್ಷೆ ಪಡೆದು ಹಾಡುವ ಪದವನ್ನು ಪಂದ್ಯಕ್ಕೆ ಇಡುತ್ತೀರಾ ಎಂದು ಬೇಸರಪಟ್ಟರು. ಏನು ಮಾಡೋಣ?
— ಓದುಗರೊಬ್ಬರು, ಮಳವಳ್ಳಿ ತಾಲ್ಲೂಕು

ಉತ್ತರ: ಸ್ಪರ್ಧೆ ನಡೆಸಿ, ಹತ್ತು ನಿಮಿಷದ ನಿಯಮವನ್ನು ಮಾತ್ರ ಇಂದೇ ಕೈಬಿಡಿ. ತಂಬೂರಿಯ ಶ್ರುತಿ ಸೇರಿಸಿ, ಧರೆಗೆ ದೊಡ್ಡವರಾದ ಮಂಟೇಸ್ವಾಮಿಯನ್ನು ನೆನೆದು ಮುಗಿಸುವಷ್ಟರಲ್ಲಿ ನೀವು ಗಂಟೆ ಬಾರಿಸಿರುತ್ತೀರಿ. ಮುಂದೆ ಅವರ ಶಿಷ್ಯ ಸಿದ್ದಪ್ಪಾಜಿಯಾಗುವ ಕೆಂಪಾಚಾರಿ ಇನ್ನೂ ತನ್ನೂರು ನಿಡುಘಟ್ಟ ಬಿಟ್ಟಿರುವುದೇ ಇಲ್ಲ. ರಾತ್ರಿಯಿಡೀ ಹಾಡುವ ಕಥೆಯನ್ನು ಹೀಗೆ ಕತ್ತರಿಸಿದರೆ ಗೆಲ್ಲುವುದು ಗಟ್ಟಿ ಗಂಟಲೇ ಹೊರತು ಕಥೆ ಬಲ್ಲವನಲ್ಲ. ಹಿರಿಯರ ಬೇಸರದಲ್ಲಿ ಈ ಅಳುಕೂ ಇದ್ದೀತು.

ಪಂದ್ಯದಿಂದ ಪದ ಕೆಟ್ಟೇ ಕೆಡುತ್ತದೆ ಎನ್ನಲಾಗದು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ರೀಸ್ ಎಂಬ ದೊರೆ 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ವಾದ್ಯಗಾರರಿಗೂ ಬೇರೆಬೇರೆ ಪಂದ್ಯ ಇರಿಸಿ, ಗೆದ್ದವರಿಗೆ ಒಂದೊಂದು ಪೀಠ ಕೊಟ್ಟನು. ಕಾಲಾಂತರದಲ್ಲಿ ಸೊರಗಿ, ಹೆಂಡದಂಗಡಿಗಳಲ್ಲಿ ಸೇರುವ ಕೆಲವೇ ಕವಿಗಳ ಪಾಲಾಗಿದ್ದ ಆ ಪರಂಪರೆ ಮತ್ತೆ ಚಿಗುರಿದ್ದು 1789ರಲ್ಲಿ ಕೊರ್ವೆನ್, ಬಾಲಾ ಮೊದಲಾದ ಸಣ್ಣ ಪಟ್ಟಣಗಳ ಸ್ಪರ್ಧೆಗಳಿಂದ. ಅಲ್ಲಿನ ಪೀಠ ನಮಗೆ ಬೇಡ, ನಮ್ಮಲ್ಲಿ ಗದ್ದುಗೆಗಳಿಗೆ ಕೊರತೆಯಿಲ್ಲ. ಆದರೆ ರೀಸ್ ದೊರೆ ತನ್ನ ಪಂದ್ಯವನ್ನು ಒಂದು ವರ್ಷ ಮೊದಲೇ ಸಾರಿಸಿದ್ದನೆಂಬುದನ್ನು ಗಮನಿಸಿ.

ನೀವೂ ಹಾಗೆಯೇ ಒಂದು ಸಾಲನ್ನು, ಎಂದರೆ ಕಥೆಯ ಒಂದು ಭಾಗವನ್ನು, ಈಗಲೇ ಗೊತ್ತುಮಾಡಿ, ಮುಂದಿನ ವರ್ಷ ಹಾಡಿಸಿ. ಸಿದ್ದಪ್ಪಾಜಿಯು ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ನಿಮ್ಮ ತಾಲ್ಲೂಕಿನದೇ ಕಥೆಯಾದುದರಿಂದ ಕೇಳುವವರಿಗೂ ಹತ್ತಿರವಾದೀತು. ಸಾಲನ್ನು ಆರಿಸುವ ಕೆಲಸವನ್ನು ಆ ಹಿರಿಯರಿಗೇ ಒಪ್ಪಿಸಿ, ಸ್ಪರ್ಧಿಯಾಗೆಂದು ಮಾತ್ರ ಕರೆಯಬೇಡಿ. ಮೇಳಕ್ಕೆ ಕನಿಷ್ಠ ಒಂದು ಗಂಟೆ ಕೊಡಿ. ಒಂದು ರಾತ್ರಿಗೆ ನಾಲ್ಕೈದು ಮೇಳಗಳಾದರೂ ಸಾಕು. ಮುಖ್ಯ ಹಾಡುಗಾರನು ಎತ್ತಿಕೊಟ್ಟ ಸೊಲ್ಲನ್ನು ಹಿಡಿದು ತಿರುಗಿಸುವ ಹಿಮ್ಮೇಳದಲ್ಲಿಯೇ ಹುಡುಗರು ಕಥೆ ಕಲಿಯುವುದರಿಂದ, ಹಿಮ್ಮೇಳಕ್ಕೆ ಹೊಸ ಹುಡುಗನನ್ನು ಕರೆತಂದ ಪ್ರತಿ ಮೇಳಕ್ಕೂ ನಿಮ್ಮ ನಗದನ್ನು ಹಂಚಿ. ಮೈಕನ್ನು ಹಿಮ್ಮೇಳದ ಮುಂದೆಯೂ ಇಡಿಸಿ. ಈ ಸಣ್ಣ ವಿಷಯವನ್ನು ಸಂಘಟಕರು ಮರೆಯುವುದೇ ಹೆಚ್ಚು.

ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಯ ದಿನಗಳನ್ನೂ ಶಿವರಾತ್ರಿಯಿಂದ ಯುಗಾದಿಯವರೆಗಿನ ಕಪ್ಪಡಿ ಜಾತ್ರೆಯ ದಿನಗಳನ್ನೂ ಬಿಟ್ಟು ದಿನ ಗೊತ್ತುಮಾಡಿ. ಆಗ ನೀಲಗಾರರು ನಿಮ್ಮೂರಿನಲ್ಲಿ ಸಿಗುವುದು ಕಷ್ಟ.