ನಮ್ಮ ದನಗಳ ಮೇವು ಅಲ್ಲಿ ಕಳೆ ಹೇಗಾಯಿತು?

ಪ್ರಶ್ನೆ: ಎಂ.ಎಸ್ಸಿ. ಬಾಟನಿ ಮುಗಿಸಿದ್ದೇನೆ. ಅಮೆರಿಕದ ಅರಿಜೋನಾದಲ್ಲಿ ಬಫೆಲ್ ಹುಲ್ಲಿನ ಮೇಲೆ ಪಿಎಚ್.ಡಿ. ಮಾಡುವ ಆಸೆ. ಅದು ನಮ್ಮ ಅಂಜನ್ ಹುಲ್ಲೇ ಅಂತೆ. ಒಳ್ಳೆ ಮೇವು ಅಲ್ಲಿ ಕಳೆ ಹೇಗಾಯಿತು? ‘ಹುಲ್ಲು ಓದಿ ಏನಮ್ಮ ಮಾಡ್ತೀಯ’ ಅಂತಾರೆ ಅಪ್ಪ.
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಹೌದು, ಎರಡೂ ಒಂದೇ. ಆಫ್ರಿಕಾದಿಂದ ನಮ್ಮ ರಾಜಸ್ಥಾನ, ಗುಜರಾತ್‌ವರೆಗಿನ ಒಣ ನೆಲ ಅದರ ತವರು. ದನಕ್ಕೆ ಮೇವಾಗಲಿ, ಮಣ್ಣು ಕೊಚ್ಚಿ ಹೋಗದಿರಲಿ ಅಂತ 1930ರ ದಶಕದಲ್ಲಿ ಅಮೆರಿಕದವರೇ ತರಿಸಿ ಬಿತ್ತಿದರು. 2005ರಲ್ಲಿ ಅರಿಜೋನಾ ಅದನ್ನು ಕಳೆ ಎಂದು ಸಾರಿತು.

ಅರಿಜೋನಾದ ಟೂಸಾನ್ ನಗರದಲ್ಲಿ ಓದುವಾಗ ರಜೆಯ ದಿನ ಗುಡ್ಡ ಹತ್ತಿ, ಹಾರೆ ಹಾಕಿ ಈ ಹುಲ್ಲು ಕಿತ್ತಿದ್ದೇನೆ. ಬುಡ ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಗಿಡಗಳನ್ನು ಬಿಟ್ಟು, ಅವುಗಳ ನಡುವಿನ ಬರಿ ನೆಲವನ್ನು ನೋಡಲು ಕಲಿತದ್ದು ಅಲ್ಲೇ. ಅಲ್ಲಿನ ಸೊನೋರಾ ಮರುಭೂಮಿಯಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರೀ ಕಲ್ಲು ಮಣ್ಣು. ಸಿಡಿಲು ಬಡಿದು ಒಂದು ಹತ್ತಿಕೊಂಡರೂ ಬೆಂಕಿ ದೂರ ಹೋಗುವುದಿಲ್ಲ. ಬಫೆಲ್ ತುಂಬಿಕೊಳ್ಳುವುದು ಆ ಜಾಗವನ್ನೇ. ಒಣಗಿದಾಗ ಗುಡ್ಡದ ತುಂಬ ಬಣವೆ ಕೆದರಿ ಹರಡಿದ ಹಾಗೆ. ಬೆಂಕಿ ಬಿದ್ದರೆ ಹುಲ್ಲು ಬುಡದಿಂದ ಮತ್ತೆ ಏಳುತ್ತದೆ. ಸಾಗ್ವಾರೊ ಕಳ್ಳಿಗೆ ಅದು ಆಗದು. ಅದಕ್ಕೆ ಮೊದಲ ಕೊಂಬೆ ಮೂಡಲು 50ರಿಂದ 75 ವರ್ಷ ಬೇಕು. ಸುಟ್ಟ ಕಳ್ಳಿ ನಿಂತಲ್ಲೇ ಸೊರಗುವುದನ್ನು ನೋಡಿದರೆ ತುಂಬಾ ಸಂಕಟವಾಗುತ್ತದೆ.

ಅರ್ಜಿಯಲ್ಲಿ ಸುಮ್ನೆ ‘ಕಳೆ ಹುಲ್ಲುಗಳ ಬಗ್ಗೆ’ ಅಂತ ಬರೆಯಬೇಡಿ. ಒಂದೇ ಪ್ರಶ್ನೆ ಹಿಡಿಯಿರಿ. ಕಿತ್ತ ಜಾಗಕ್ಕೆ ಅಲ್ಲಿನ ಗಿಡಗಳು ತಾವಾಗಿ ಮರಳುತ್ತವೆಯೇ? ತವರಿನಲ್ಲಿ ಈ ಹುಲ್ಲನ್ನು ಹದ್ದುಬಸ್ತಿನಲ್ಲಿ ಇಡುವುದು ದನಗಳ ಬಾಯೋ, ಜೊತೆಗೆ ಬೆಳೆಯುವ ಬೇರೆ ಹುಲ್ಲುಗಳೋ? ನನಗೆ ಎರಡನೆಯ ಪ್ರಶ್ನೆಯೇ ಜಾಸ್ತಿ ಇಷ್ಟ. ಅದನ್ನು ಕೇಳಲು ನಮ್ಮ ಕಡೆಯವರಿಗಿಂತ ಬೇರೆ ಯಾರು ಬೇಕು, ಅಲ್ವಾ? ಖರ್ಚಿನ ಚಿಂತೆ ಅಪ್ಪನಿಗಿದ್ದರೆ ಹೇಳಿ: ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಪಾಠಕ್ಕೋ ಸಂಶೋಧನೆಗೋ ನೆರವಾದರೆ ಸಾಮಾನ್ಯವಾಗಿ ಫೀಸು ಕಟ್ಟಬೇಕಿಲ್ಲ, ಸಂಬಳವೂ ಸಿಗುತ್ತದೆ.

ಅದಕ್ಕೆ ಮುಂಚೆ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ. ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ಅದರೊಳಗೆ ಯಾವ ಹುಲ್ಲಿದೆ, ಬರಿ ನೆಲ ಎಷ್ಟಿದೆ, ಬರೆದುಕೊಳ್ಳಿ. ಮಳೆಗೆ ಮುಂಚೆ ಒಮ್ಮೆ, ತೆನೆ ಬಂದ ಮೇಲೆ ಇನ್ನೊಮ್ಮೆ. ತೆನೆ ಇಲ್ಲದೆ ಹುಲ್ಲು ಗುರುತಿಸುವುದು ಕಷ್ಟ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಅಪ್ಪನನ್ನೇ ಕರೆದುಕೊಂಡು ಹೋಗಿ.