ಗಿಡದ ಸಾರ ರಕ್ತದ ಸಕ್ಕರೆ, ನೋವು ಇಳಿಸುತ್ತೆ ಅಂತ ಲ್ಯಾಬಿನಲ್ಲಿ ಹೇಗೆ ನೋಡುತ್ತಾರೆ?

ಹೆಚ್ಚಾಗಿ ಮೊದಲು ಇಲಿಗಳ ಮೇಲೆ. ಸಕ್ಕರೆ ಕಾಯಿಲೆಗೆ ಬಳಸುವ ಬಳ್ಳಿ ಮಧುನಾಶಿನಿಯನ್ನೇ ತಗೊಳ್ಳಿ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಅಥವಾ ಎಥೆನಾಲ್‌ನಲ್ಲಿ ನೆನೆಸಿ ಸೋಸುತ್ತಾರೆ. ದ್ರವ ಆರಿದ ಮೇಲೆ ಉಳಿಯುವ ಅಂಟಂಟು ಪದಾರ್ಥವೇ ಸಾರ.

ಇಲಿಗೆ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿದರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸಾಯುತ್ತವೆ, ಸಕ್ಕರೆ ಏರುತ್ತದೆ. ಆಮೇಲೆ ಒಂದು ಗುಂಪಿಗೆ ಸಾರ, ಇನ್ನೊಂದಕ್ಕೆ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಮಾತ್ರೆಯ ಮದ್ದು, ಮತ್ತೊಂದಕ್ಕೆ ಬರೀ ನೀರು. ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ, ಮನೆಯ ಗ್ಲುಕೋಮೀಟರಿನಂಥದ್ದರಲ್ಲೇ.

ನೋವಿಗೆ ಬಿಸಿ ತಟ್ಟೆ ಪರೀಕ್ಷೆ. ಸುಮಾರು 55 ಡಿಗ್ರಿ ಸೆಲ್ಸಿಯಸ್ ತಟ್ಟೆಯ ಮೇಲೆ ಬಿಟ್ಟ ಪುಟ್ಟ ಇಲಿ ಪಾದ ನೆಕ್ಕಲು ಎಷ್ಟು ಸೆಕೆಂಡ್ ತಗೊಂಡಿತು ಅಂತ ಎಣಿಸುತ್ತಾರೆ; ತಡವಾದಷ್ಟೂ ನೋವು ಕಡಿಮೆ ಅಂತ ಲೆಕ್ಕ. ಸುಡಬಾರದೆಂದು ಸಾಮಾನ್ಯವಾಗಿ 15 ಸೆಕೆಂಡಿಗೇ ಎತ್ತಿಬಿಡುತ್ತಾರೆ. ಇಲ್ಲೇ ಜಾಸ್ತಿ ಮೋಸ ಹೋಗುವುದು: ಸಾರ ಸುಮ್ನೆ ಮಂಪರು ತರಿಸಿದರೂ ಇಲಿ ತಡವಾಗಿಯೇ ನೆಕ್ಕುತ್ತದೆ, ಅಲ್ವಾ? ಅದಕ್ಕೇ ತಿರುಗುವ ಕೋಲಿನ ಮೇಲೆ ನಡೆಸಿಯೂ ನೋಡಬೇಕು. ಬೀಳದೆ ನಡೆದರೆ ಮಾತ್ರ ನೋವು ಇಳಿದಿದೆ ಎನ್ನಬಹುದು.

ಇದನ್ನು ಓದಿ ಸಕ್ಕರೆ ಮಾತ್ರೆ ನಿಲ್ಲಿಸಬೇಡಿ ದಯವಿಟ್ಟು. ಮಾತ್ರೆಯ ಜೊತೆ ಸಾರವೂ ಸೇರಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.