ಬೆಕ್ಕಿನ ಮಲಮೂತ್ರಕ್ಕೆ ಇಟ್ಟ, ತಾನೇ ತೊಳೆದುಕೊಳ್ಳುವ ಲಿಟರ್ ಬಾಕ್ಸ್ ನಾರುತ್ತಿದೆ, ಒಳಗೆ ಯಾವ ಕ್ಲೀನರ್ ಸುರಿಯಬೇಕು?

ಏನನ್ನೂ ಸುರಿಯಬೇಡಿ. ಬ್ಲೀಚ್ ಅಂತೂ ಬೇಡವೇ ಬೇಡ.

ಐದು ತಿಂಗಳು ಚೆನ್ನಾಗಿ ನಡೆದ ಯಂತ್ರ ಈಗ ವಾಸನೆ ಹೊಡೆಯುತ್ತಿದೆ, ಒಳಗೆ ಏನಾದರೂ ಖಾರವಾದ ಕ್ಲೀನರ್ ಹಾಕಿ ಮತ್ತೆ ತಿಂಗಳುಗಟ್ಟಲೆ ಮುಟ್ಟದೆ ಇರಬಹುದೇ ಅಂತ ಕೇಳಿದ್ದೀರಿ. ಅದರ ಕೆಳಗೆ, ಹೇಳದಿದ್ದರೂ ನಡೆಯುತ್ತಿತ್ತು ಅನ್ನುವ ಹಾಗೆ, ‘ಗಂಡು ಬೆಕ್ಕು, ನಿನ್ನೆಯಿಂದ ಸುಮ್ಮನೆ ಬಾತ್‌ರೂಮಿಗೆ ಹೋಗಿ ಹೋಗಿ ಬರುತ್ತಿದ್ದಾನೆ’ ಅಂತ ಒಂದು ಸಾಲು ಸೇರಿಸಿದ್ದೀರಿ. ಆ ಸಾಲು ಓದಿ ನನ್ನ ಎದೆ ಧಸಕ್ಕೆಂದಿತು. ಯಂತ್ರದ ಮಾತು ಆಮೇಲೆ. ಅವನು ಉಚ್ಚೆ ಮಾಡುತ್ತಿದ್ದಾನೋ ಇಲ್ಲವೋ ನೋಡಿ. ಕೂತು ತಿಣುಕುತ್ತಿದ್ದು ಹನಿಯೂ ಬರುತ್ತಿಲ್ಲ ಅಂತಾದರೆ ಇದನ್ನು ಮುಂದೆ ಓದಬೇಡಿ, ಬೆಕ್ಕನ್ನು ಎತ್ತಿಕೊಂಡು ಪಶುವೈದ್ಯರ ಹತ್ತಿರ ಹೊರಡಿ. ರಾತ್ರಿಯಾದರೂ ಸರಿ.

ನನಗೆ ಆದದ್ದು ಇಷ್ಟು.

ನಮ್ಮ ಗುಂಡನಿಗೆ ಆಗ ನಾಲ್ಕು ವರ್ಷ. ಗಂಡು, ಆಪರೇಶನ್ ಆದವನು, ಮನೆಯೊಳಗೇ ಇರುವವನು. ನಿಮ್ಮ ಹತ್ತಿರ ಇರುವಂಥದ್ದೇ ಯಂತ್ರ: ಮಣ್ಣಿನ ಬದಲು ಪ್ಲಾಸ್ಟಿಕ್ ಹರಳುಗಳು, ಸುತ್ತುವ ಬಟ್ಟಲು, ಮಲ ಎತ್ತುವ ಸೌಟಿನಂಥ ಕೈ, ಒಂದು ಕೊಳವೆಯಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಕೊಳೆ ಹೊರಗೆ, ಕೊನೆಗೆ ಬಿಸಿಗಾಳಿ. ಮೊದಲ ಕೆಲವು ತಿಂಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಾಗಿಲ್ಲ ಅನ್ನುವುದಕ್ಕೇ ತಾನೇ ತಂದದ್ದು. ಆಮೇಲೆ ವಾಸನೆ ಶುರುವಾಯಿತು. ಮೊದಲು ಬಿಸಿಗಾಳಿ ಹೊರಡುವಾಗ ಮಾತ್ರ, ಆಮೇಲೆ ಹಗಲಿಡೀ. ಮಲವನ್ನು ಒಲೆಯ ಮೇಲಿಟ್ಟು ಬೇಯಿಸಿದ ಹಾಗೆ ಬರುವ ವಾಸನೆ ಅದು, ನಿಮಗೂ ಗೊತ್ತಿರಬೇಕು.

ಒಂದು ಶುಕ್ರವಾರ ರಾತ್ರಿ ಯಂತ್ರ ಅರ್ಧಕ್ಕೇ ನಿಂತಿತ್ತು. ದೀಪ ಮಿನುಗುತ್ತಿತ್ತು, ಬಟ್ಟಲಲ್ಲಿ ಹಳದಿ ನೀರು ನಿಂತಿತ್ತು. ಕೊಳವೆ ಕಟ್ಟಿಕೊಂಡಿರಬೇಕು ಅಂದುಕೊಂಡೆ. ಹೇಗೂ ನಿಂತಿದೆ, ನೀರೂ ಇದೆ, ಇದರಲ್ಲೇ ಬ್ಲೀಚ್ ಹಾಕಿ ಹತ್ತು ನಿಮಿಷ ನೆನೆಸಿಬಿಟ್ಟರೆ ಕಟ್ಟಿಕೊಂಡದ್ದೂ ಬಿಡುತ್ತದೆ, ವಾಸನೆಯೂ ಹೋಗುತ್ತದೆ ಅನಿಸಿತು. ಒಂದು ಲೋಟ ಸುರಿದೆ. ಬೆಕ್ಕು ಬರದಿರಲಿ ಅಂತ ಬಾತ್‌ರೂಮಿನ ಬಾಗಿಲು ಹಾಕಿದೆ. ಹತ್ತು ನಿಮಿಷ ಬಿಟ್ಟು ಹೋಗಿ ಗುಂಡಿ ಒತ್ತಿದೆ.

ಇಲ್ಲಿ ನಾನು ಏನೇನು ತಪ್ಪು ಮಾಡಿದೆ ಅಂತ ಒಂದೊಂದಾಗಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಒಂದೂ ತಪ್ಪು ಅನಿಸಿರಲಿಲ್ಲ. ಆ ಹಳದಿ ನೀರಿನಲ್ಲಿ ಉಚ್ಚೆ ಇತ್ತು. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ, ನಿಂತಷ್ಟೂ ಹೆಚ್ಚು. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಇವೆರಡೂ ಸೇರಿದರೆ ಕ್ಲೋರಮೈನ್ ಅನ್ನುವ ಅನಿಲ ಹುಟ್ಟುತ್ತದೆ. ಕಣ್ಣು, ಮೂಗು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುವ ಅನಿಲ. ಸಾಮಾನ್ಯ ಟಾಯ್ಲೆಟ್‌ಗೆ ಬ್ಲೀಚ್ ಹಾಕಿ ಏನೂ ಆಗದೆ ಬದುಕಿದ್ದೇವಲ್ಲ ಅಂತ ನೀವು ಕೇಳಬಹುದು, ನಾನೂ ಹಾಗೇ ಯೋಚಿಸಿದ್ದು. ಆದರೆ ಟಾಯ್ಲೆಟ್‌ನಲ್ಲಿ ಪ್ರತಿ ಸಲ ನೀರು ಬಿಟ್ಟಿರುತ್ತೇವೆ. ಇಲ್ಲಿ ಬಟ್ಟಲಿನ ನೀರು ಮಾತ್ರವಲ್ಲ, ಹರಳುಗಳ ಮೈಗೆ, ಬಟ್ಟಲಿನ ಅಡಿಗೆ, ಕೊಳವೆಯ ಒಳಗೆ ತಿಂಗಳುಗಳ ಉಚ್ಚೆಯ ಕರೆ ಕಟ್ಟಿತ್ತು. ಸುರಿದ ಬ್ಲೀಚಿಗೆ ಅಷ್ಟೂ ಸಿಕ್ಕಿತು.

ಬಾಗಿಲು ಹಾಕಿದ್ದು ಇನ್ನೊಂದು ತಪ್ಪು. ಬೆಕ್ಕನ್ನು ಕಾಪಾಡಲು ಹಾಕಿದ ಬಾಗಿಲು ಅನಿಲವನ್ನು ಒಳಗೇ ಕೂಡಿಟ್ಟಿತು. ಒಳಗೆ ಹೋದಾಗ ಮೂಗು ಚುರುಗುಟ್ಟಿತು. ಅದು ಬ್ಲೀಚಿನ ವಾಸನೆ, ಕೆಲಸ ಮಾಡುತ್ತಿದೆ ಅಂತಲೇ ತಿಳಿದೆ. ಬ್ಲೀಚು ಬರಿಯ ನೀರಿನಲ್ಲಿದ್ದಾಗ ಬರುವ ವಾಸನೆ ಬೇರೆ, ಉಚ್ಚೆಯ ಜೊತೆ ಸೇರಿದಾಗ ಎದೆಗೆ ಇಳಿಯುವ ಘಾಟು ಬೇರೆ. ವಾಸನೆ ಜೋರಾದಷ್ಟೂ ಚೊಕ್ಕಟ ಅನ್ನುವ ನಂಬಿಕೆ ನನ್ನ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕೂತಿತ್ತೆಂದರೆ, ಕಣ್ಣಲ್ಲಿ ನೀರು ಬರುತ್ತಿದ್ದರೂ ನಿಂತು ಗುಂಡಿ ಒತ್ತಿದೆ.

ಎಲ್ಲಕ್ಕಿಂತ ದೊಡ್ಡದು ಆ ಗುಂಡಿ. ನೀರು ಹೊರಗೆ ಹೋಯಿತು, ನಿಜ. ಆದರೆ ಉಳಿದ ತೇವದ ಮೇಲೆ ಯಂತ್ರ ತನ್ನ ಪಾಡಿಗೆ ಬಿಸಿಗಾಳಿ ಊದಿತು, ಆ ಗಾಳಿ ಮನೆಯೆಲ್ಲ ಹರಡಿತು. ರಾತ್ರಿಯಿಡೀ ಕೆಮ್ಮಿದೆ. ಕಿಟಕಿ ತೆರೆದು ಹೊರಗೆ ಹೋಗಬೇಕಿತ್ತು, ಮತ್ತೆ ಹತ್ತಿರ ಸುಳಿಯಬಾರದಿತ್ತು.

ನಾನು ಕೆಮ್ಮಿದ್ದು ಒಂದು ದಿನ. ಬೆಲೆ ತೆತ್ತವನು ಗುಂಡ.

ಶನಿವಾರ ಬೆಳಿಗ್ಗೆ ಅವನು ಯಂತ್ರದ ಹತ್ತಿರ ಹೋದ, ಒಂದು ಕಾಲು ಇಟ್ಟ, ಝಾಡಿಸಿಕೊಂಡು ಹಿಂದೆ ಬಂದ. ನೋಡಿದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರ ನಿಗದಿ ಮಾಡಿದ ಹೊತ್ತಿಗೆ ಸರಿಯಾಗಿ ತಿರುಗುತ್ತಿತ್ತು, ಬಟ್ಟಲು ಚೊಕ್ಕಟವಾಗಿತ್ತು. ಬಟ್ಟಲು ಚೊಕ್ಕಟವಾಗಿದ್ದದ್ದು ಬೆಕ್ಕು ಅದಕ್ಕೆ ಇಳಿಯದೇ ಇದ್ದುದರಿಂದ. ಹಳೆಯ ಮಣ್ಣಿನ ಟ್ರೇ ಆಗಿದ್ದರೆ ಸಂಜೆ ಗೋರುವಾಗ ಉಚ್ಚೆ ತಾಗಿ ಮಣ್ಣು ಕಟ್ಟುವ ಉಂಡೆ ಒಂದೂ ಇಲ್ಲ ಅಂತ ಕೈಗೇ ಗೊತ್ತಾಗುತ್ತಿತ್ತು. ಟ್ರೇ ಗೋರುತ್ತಿದ್ದ ವರ್ಷಗಳಲ್ಲಿ ನನಗೆ ತಿಳಿಯದೆಯೇ ದಿನಾ ಅವನ ಆರೋಗ್ಯ ನೋಡುತ್ತಿದ್ದೆ. ಉಂಡೆ ಎಷ್ಟು, ದೊಡ್ಡದೋ ಚಿಕ್ಕದೋ, ಮಲ ಗಟ್ಟಿಯೋ ಸಡಿಲವೋ, ರಕ್ತವಿದೆಯೋ. ಯಂತ್ರ ಕೊಳೆಯ ಜೊತೆಗೆ ಆ ಸುದ್ದಿಯನ್ನೂ ತೊಳೆದು ಕಳಿಸಿಬಿಡುತ್ತದೆ.

ಭಾನುವಾರ ಬೆಳಿಗ್ಗೆ ಅವನು ವಾಶ್ ಬೇಸಿನ್ನಿನಲ್ಲಿ ಕೂತು ತಿಣುಕುತ್ತಿದ್ದ. ಮಲಬದ್ಧತೆ ಅಂದುಕೊಂಡೆ. ಮಧ್ಯಾಹ್ನ ವಾಂತಿ ಮಾಡಿದ, ಎತ್ತಿಕೊಳ್ಳಲು ಹೋದರೆ ಕೂಗಿದ, ಹೊಟ್ಟೆ ಕಲ್ಲಿನ ಹಾಗಿತ್ತು. ಸಂಜೆ ವೈದ್ಯರು ಮುಟ್ಟಿ ನೋಡಿದ ತಕ್ಷಣ ಹೇಳಿದರು, ಮೂತ್ರನಾಳ ಕಟ್ಟಿಕೊಂಡಿದೆ ಅಂತ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಸ್ವಲ್ಪ ಊತ, ಮೂತ್ರದಲ್ಲೇ ಕಟ್ಟುವ ಸ್ವಲ್ಪ ಹರಳು, ಸ್ವಲ್ಪ ಲೋಳೆ ಸಾಕು ಮುಚ್ಚಿಕೊಳ್ಳಲು. ಮುಚ್ಚಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಅರಿವಳಿಕೆ ಕೊಟ್ಟು ಟ್ಯೂಬ್ ಹಾಕಿದರು. ಮೂರು ದಿನ ಅಲ್ಲೇ ಇದ್ದ. ಬದುಕಿದ.

ಬ್ಲೀಚೇ ಇದಕ್ಕೆ ಕಾರಣವೇ ಅಂತ ಕೇಳಿದೆ. ಮೂತ್ರದಲ್ಲಿ ಹರಳು ಮೊದಲಿನಿಂದ ಇದ್ದಿರಬೇಕು, ಆದರೆ ಹೋಗುವ ಜಾಗಕ್ಕೆ ಹೆದರಿ ಉಚ್ಚೆ ತಡೆದುಕೊಳ್ಳುವುದು, ಒತ್ತಡ, ಇವು ಇಂಥ ತೊಂದರೆಯನ್ನು ಮುಂದಕ್ಕೆ ತಳ್ಳುತ್ತವೆ ಅಂದರು. ಮನೆಗೆ ಬಂದು ಹುಡುಕಿದರೆ ಮೂಲೆಯ ಬಟ್ಟೆಯ ರಾಶಿಯಲ್ಲಿ ಅಂಗೈಯಗಲದ ಒಂದು ಒದ್ದೆ ಕಲೆ ಸಿಕ್ಕಿತು. ಶನಿವಾರದ್ದು ಇರಬೇಕು. ಅವನು ಜಾಗ ಹುಡುಕಿಕೊಂಡು ಅಲೆದಿದ್ದ, ನಾನು ಯಂತ್ರ ತಿರುಗುವುದನ್ನು ಕೇಳಿಕೊಂಡು ನೆಮ್ಮದಿಯಾಗಿದ್ದೆ.

ಈಗ ನಿಮ್ಮ ಪ್ರಶ್ನೆ. ತಿಂಗಳುಗಟ್ಟಲೆ ಮುಟ್ಟದೆ ಇರುವ ದಾರಿ ಯಾವುದು ಅಂದರೆ, ಅಂಥ ದಾರಿ ಇಲ್ಲ, ಇರಬಾರದು ಕೂಡ. ಈ ಯಂತ್ರ ಗೋರುವ ಕೆಲಸ ತಪ್ಪಿಸುತ್ತದೆ, ನೋಡುವ ಕೆಲಸ ತಪ್ಪಿಸುವುದಿಲ್ಲ. ಮತ್ತೆ ನಿಮ್ಮ ವಾಸನೆ ಕ್ಲೀನರ್ ಸಾಲದೆ ಬಂದದ್ದೂ ಅಲ್ಲ. ಅದು ಕೂದಲು. ನನ್ನದನ್ನು ಕೊನೆಗೂ ಬಿಚ್ಚಿದಾಗ, ಮಲವನ್ನು ನುಣ್ಣಗೆ ಮಾಡಿ ನೀರಿನ ಜೊತೆ ತಳ್ಳುವ ಭಾಗ ಇರುತ್ತದಲ್ಲ, ಅಲ್ಲಿ ತಿರುಗುವ ರೆಕ್ಕೆಗೆ ಬೆಕ್ಕಿನ ಕೂದಲು ಹಗ್ಗದ ಹಾಗೆ ಹೊಸೆದುಕೊಂಡು ಕೂತಿತ್ತು, ಅದರ ತುಂಬ ಮಲ ಮೆತ್ತಿತ್ತು. ಅರ್ಧಕ್ಕೆ ನಿಂತದ್ದೂ ಅದರಿಂದಲೇ. ಅದಕ್ಕೆ ದ್ರವ ಸುರಿಯುವುದು ದಾರಿಯಲ್ಲ, ಕೈಯಲ್ಲೇ ಎಳೆದು ತೆಗೆಯಬೇಕು.

ಹಾಗಾಗಿ ಹೀಗೆ ಮಾಡಿ. ಬಟ್ಟಲಲ್ಲಿ ನೀರು ನಿಂತಿದ್ದರೆ ಮೊದಲು ಖಾಲಿ ಮಾಡಿ. ಪ್ಲಗ್ ಕಿತ್ತು ಹೊರಗಿಡಿ, ಗುಂಡಿ ಆರಿಸಿದರೆ ಸಾಲದು, ಒಳಗೆ ಬೆರಳು ಹಾಕುವಾಗ ರೆಕ್ಕೆ ತಿರುಗಬಾರದು. ನೀರಿನ ನಲ್ಲಿ ತಿರುಗಿಸಿ ಬಂದ್ ಮಾಡಿ. ಕಿಟಕಿ ತೆರೆಯಿರಿ. ಕೈಗವಸು ಹಾಕಿಕೊಂಡು ಹರಳುಗಳನ್ನು ಬಕೆಟ್ಟಿಗೆ ಸುರಿದು, ಬಟ್ಟಲು ಎತ್ತಿ, ಅಡಿಯಲ್ಲಿ ಏನಿದೆ ನೋಡಿ. ಬಿಚ್ಚಬಹುದಾದ ಭಾಗಗಳನ್ನು ಬಿಚ್ಚಿ ಕೂದಲು ತೆಗೆದು, ಬಿಸಿನೀರು ಮತ್ತು ವಾಸನೆಯಿಲ್ಲದ ಪಾತ್ರೆ ಸೋಪಿನಲ್ಲಿ ಉಜ್ಜಿ. ಮೋಟಾರು, ತಂತಿ ಇರುವ ಕಡೆಗೆ ನೀರು ಸುರಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರಿನ ಮಟ್ಟ ನೋಡುವ ಸೆನ್ಸರ್ ಮೇಲೆ ಪೊರೆ ಕಟ್ಟಿದ್ದರೆ ಅದನ್ನೂ ಮೆತ್ತಗೆ ಒರೆಸಿ, ನೀರು ಸಾಲದೇ ಹೋಗುವುದಕ್ಕೂ ಉಕ್ಕುವುದಕ್ಕೂ ಬಹಳ ಸಲ ಆ ಪೊರೆಯೇ ಕಾರಣ. ಗಡಸು ನೀರಿನ ಬಿಳಿ ಕರೆಗೆ ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ಸಾಕು. ಆದರೆ ಹಿಂದೆ ಯಾವತ್ತಾದರೂ ಒಳಗೆ ಬ್ಲೀಚ್ ಹಾಕಿದ್ದರೆ ಬರಿ ನೀರಲ್ಲಿ ಚೆನ್ನಾಗಿ ತೊಳೆಯುವ ತನಕ ಆಮ್ಲ ತೋರಿಸಬೇಡಿ, ಅದು ಸೇರಿದರೆ ಬರುವುದು ಕ್ಲೋರಿನ್ ಅನಿಲ. ಹೊರಹೋಗುವ ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯೇ, ಅದರ ಬಾಯಲ್ಲಿ ಪ್ಲಾಸ್ಟಿಕ್ ಹರಳು ಸಿಕ್ಕಿದೆಯೇ ನೋಡಿ. ನಾನು ಇದನ್ನು ಎರಡು ವಾರಕ್ಕೊಮ್ಮೆ ಮಾಡುತ್ತೇನೆ, ಕೂದಲು ಉದುರುವ ಕಾಲದಲ್ಲಿ ವಾರಕ್ಕೊಮ್ಮೆ. ಬೆಕ್ಕಿಗೆ ಹೊಟ್ಟೆ ಕೆಟ್ಟ ದಿನ ಯಂತ್ರ ತಿರುಗುವ ಮೊದಲೇ ಕೈಯಲ್ಲಿ ಒರೆಸಿ ತೆಗೆದುಬಿಡುತ್ತೇನೆ. ಸಡಿಲ ಮಲವನ್ನು ಆ ಸೌಟು ಎತ್ತಲಾರದು, ಸವರುತ್ತದೆ, ಬಿಸಿಗಾಳಿ ಅದನ್ನು ಒಣಗಿಸಿ ಅಂಟಿಸುತ್ತದೆ.

ಬ್ಲೀಚಿನ ಬದಲು ನೆಲ ಒರೆಸುವ ಫಿನಾಯಿಲ್ ಆಗುತ್ತದೆಯೇ ಅಂತ ಯೋಚನೆ ಬಂದರೆ ಅದೂ ಬೇಡ. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಸೋಂಕುನಾಶಕಗಳನ್ನೆಲ್ಲ ಬೆಕ್ಕಿನಿಂದ ದೂರ ಇಡಿ. ಅವುಗಳಲ್ಲಿ ಸಾಮಾನ್ಯವಾಗಿ ಫೀನಾಲ್ ಜಾತಿಯ ವಸ್ತು ಇರುತ್ತದೆ, ಅದನ್ನು ಅರಗಿಸಿ ಹೊರಹಾಕುವ ಶಕ್ತಿ ನಮ್ಮ ಯಕೃತ್ತಿಗಿರುವಷ್ಟು ಬೆಕ್ಕಿನ ಯಕೃತ್ತಿಗಿಲ್ಲ. ಅವು ಪಾದ ನೆಕ್ಕಿಕೊಳ್ಳುವ ಪ್ರಾಣಿಗಳು, ಹರಳಿನ ಮೇಲಿರುವುದೆಲ್ಲ ಹೊಟ್ಟೆಗೇ ಹೋಗುತ್ತದೆ. ಯಂತ್ರದ ಜೊತೆ ಬರುವ ತೊಳೆಯುವ ದ್ರಾವಣವನ್ನೇ ಬಳಸಿ, ಅದರ ಡಬ್ಬಿಗೆ ಬೇರೇನನ್ನೂ ತುಂಬಬೇಡಿ.

ರೋಗಾಣುಗಳ ಭಯದಿಂದ ಬ್ಲೀಚ್ ಬೇಕೇ ಬೇಕು ಅನ್ನುವವರಿಗೂ ಒಂದು ಮಾತು. ಬೆಕ್ಕಿನ ಮಲದ ವಿಷಯದಲ್ಲಿ ಜನ ಹೆಚ್ಚು ಹೆದರುವುದು ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಗೆ, ಮುಖ್ಯವಾಗಿ ಮನೆಯಲ್ಲಿ ಬಸುರಿಯರಿದ್ದರೆ. ಅದರ ಗಟ್ಟಿ ಕವಚದ ತತ್ತಿಗಳನ್ನು ಬ್ಲೀಚ್ ಕೊಲ್ಲುವುದೇ ಇಲ್ಲ. ಅವು ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ತಗಲಿಸುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಹಾಗಾಗಿ ದಿನದಿನವೂ ಮಲ ತೆಗೆಯುವುದೇ ನಿಜವಾದ ರಕ್ಷಣೆ, ಆ ಮಟ್ಟಿಗೆ ನಿಮ್ಮ ಯಂತ್ರ ಒಳ್ಳೆಯದೇ. ರೆಕ್ಕೆಯ ಕೂದಲಿನಲ್ಲಿ ಸಿಕ್ಕಿಕೊಂಡ ಮಲ ಮಾತ್ರ ವಾರಗಟ್ಟಲೆ ಹಳೆಯದು, ಅದಕ್ಕೇ ಕೈಗವಸು ಬಿಡಬೇಡಿ, ಬಸುರಿಯರು ಬಿಚ್ಚುವ ಕೆಲಸಕ್ಕೆ ಕೈ ಹಾಕದಿರಲಿ. ಈ ತತ್ತಿಗಳು ಚರಂಡಿ ನೀರಿನ ಶುದ್ಧೀಕರಣವನ್ನೂ ದಾಟಿ ಹೋಗಬಲ್ಲವು. ಕ್ಯಾಲಿಫೋರ್ನಿಯಾ ಕರಾವಳಿಯ ಕಡಲ ನೀರುನಾಯಿಗಳು ಇದೇ ಪರಾವಲಂಬಿಯಿಂದ ಸತ್ತದ್ದು ದಾಖಲಾಗಿದೆ. ಮಲವನ್ನು ಚರಂಡಿಗೆ ಬಿಡುವ ಯಂತ್ರ ಇಟ್ಟುಕೊಂಡವಳಾಗಿ ಇದು ನನ್ನನ್ನು ಚುಚ್ಚುತ್ತದೆ. ಗುಂಡನನ್ನು ಹೊರಗೆ ಬಿಡದಿರುವುದಕ್ಕೂ ಹಸಿ ಮಾಂಸ ಕೊಡದಿರುವುದಕ್ಕೂ ಇದೂ ಒಂದು ಕಾರಣ, ಬೆಕ್ಕಿಗೆ ಅದು ಅಂಟುವುದು ಹೆಚ್ಚಾಗಿ ಬೇಟೆಯಿಂದ, ಹಸಿ ಮಾಂಸದಿಂದ.

ಯಂತ್ರವನ್ನು ನಾನು ಎಸೆದಿಲ್ಲ. ಆದರೆ ಅದರ ಪಕ್ಕದಲ್ಲಿ ಒಂದು ಸಾದಾ ಟ್ರೇ ಇದೆ, ಉಂಡೆ ಕಟ್ಟುವ ಮಣ್ಣು ಹಾಕಿದ್ದು. ಗುಂಡ ಮಲಕ್ಕೆ ಯಂತ್ರಕ್ಕೆ ಹೋಗುತ್ತಾನೆ, ಉಚ್ಚೆಗೆ ಹೆಚ್ಚಾಗಿ ಟ್ರೇಗೆ. ಯಂತ್ರ ತಾನಾಗಿ ತಿರುಗುವುದನ್ನು ನಿಲ್ಲಿಸಿದ್ದೇನೆ. ದಿನಕ್ಕೆ ಎರಡು ಸಲ ಬಟ್ಟಲು ನೋಡಿ ನಾನೇ ಗುಂಡಿ ಒತ್ತುತ್ತೇನೆ.

ನೀವು ಇವತ್ತು ಮಾಡಬೇಕಾದದ್ದು ಯಂತ್ರ ಬಿಚ್ಚುವುದಲ್ಲ, ಅದು ನಾಳೆಗಿರಲಿ. ಪ್ಲಗ್ ಕಿತ್ತು, ಅವನಿಗೆ ಒಂದು ಟ್ರೇಯಲ್ಲಿ ಮಣ್ಣು ಹಾಕಿ ಕೊಟ್ಟು, ಪಕ್ಕದಲ್ಲೇ ಕೂತು ನೋಡಿ. ಉಂಡೆ ಸಿಕ್ಕಿದರೆ ಎಷ್ಟು ದೊಡ್ಡದು ಅಂತ ಇಲ್ಲಿ ಬರೆಯಿರಿ. ಮತ್ತೆ ಮತ್ತೆ ಕೂರುತ್ತಾನೆ, ಮಣ್ಣು ಒಣಗಿಯೇ ಇದೆ ಅಂತಾದರೆ ಬರೆಯಲು ಕೂರಬೇಡಿ, ಹೊರಡಿ.